ಒಳಗಿನಿಂದ ಚಿಲಕ

ಮೇಳದ ಮಳಿಗೆಗೆ ನಕ್ಷೆ ಬರೆಯುವ ಬೇರೆ ಆರ್ಕಿಟೆಕ್ಟರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಪನಿಯ ಹೆಸರು ಎಷ್ಟು ಎತ್ತರದಲ್ಲಿ ಹೊಳೆಯಬೇಕು ಎಂಬಲ್ಲಿಂದ ಅವರ ಕೆಲಸ ಶುರುವಾಗುತ್ತದೆ. ಇಸ್ಕ್ರಾ ಕರಾದೋಚೆವಾ ಹಾಗಲ್ಲ. ಖಾಲಿ ಕಾಗದದ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಹಾಕುತ್ತಾಳೆ. ಚೌಕಕ್ಕೊಂದು ಬಾಗಿಲು. ಬಾಗಿಲಿಗೆ ಒಳಗಿನಿಂದ ಚಿಲಕ. ಅಷ್ಟಾದ ಮೇಲೆಯೇ ಅವಳ ಪೆನ್ಸಿಲ್ಲು ಮುಂದಕ್ಕೆ ಹೋಗುವುದು.

ಆ ಚೌಕವೆಂದರೆ ಒಂದೂವರೆ ಮೀಟರಿಗೆ ಎರಡು ಮೀಟರಿನ ಕೋಣೆ. ಗೋಡೆಗೆ ಕೂಡಿಸಿದ ಬೆಂಚು, ಬೆಂಚಿನ ಮೇಲೆ ದಿಂಬು, ಕೋಟು ತೂಗುಹಾಕಲು ನಾಲ್ಕು ಕೊಕ್ಕೆ, ಒಂದು ಪ್ಲಗ್ಗು, ಒಂದು ಕನ್ನಡಿ. ಎಲ್ಲ ಮಳಿಗೆಗಳಲ್ಲೂ ಹಿಂದುಗಡೆ ಸಾಮಾನು ತುರುಕುವ ಗೂಡೊಂದು ಇರುತ್ತದೆ, ಅದು ದೊಡ್ಡ ಮಾತಲ್ಲ. ಆದರೆ ಇಸ್ಕ್ರಾ ಅಕ್ಕನ ಕೋಣೆಯಲ್ಲಿ ಯಾರಾದರೂ ಒಂದು ರಟ್ಟಿನ ಪೆಟ್ಟಿಗೆ ಇಟ್ಟರೂ ಅವಳು ತಾನೇ ಎತ್ತಿ ಹೊರಗೆ ತಂದಿಡುತ್ತಿದ್ದಳು. "ಇದು ಸಾಮಾನಿಗಲ್ಲ, ಕೂರೋಕೆ," ಎನ್ನುತ್ತಿದ್ದಳು. ಚದರ ಮೀಟರಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಅವಳು ಮಾತು ಬೇರೆ ಕಡೆ ತಿರುಗಿಸುತ್ತಿದ್ದಳು. ಕೋಣೆ ಮಾತ್ರ ಇದ್ದಲ್ಲೇ ಇರುತ್ತಿತ್ತು.

ನಾನು ಸ್ತಮಾತ್. ಪ್ಲೊವ್ದಿವ್ ಊರಿನ ಹಳೇ ತಂಬಾಕು ಗೋದಾಮಿನಲ್ಲಿರುವ ಅವಳ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿದ್ದವನು. ನನಗೆ ಬೇಗ ಸಿಟ್ಟು ಬರುತ್ತದೆ, ಅದು ಊರಿಗೇ ಗೊತ್ತು. ಅಕ್ಕನ ಮೇಲೂ ದಿನಕ್ಕೊಮ್ಮೆ ಬರುತ್ತಿತ್ತು. ಅವಳಿಗೆ ನನ್ನ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಅವಳು ರಾಜಧಾನಿ ಸೋಫಿಯಾದಲ್ಲಿ ಓದಿ ಆರ್ಕಿಟೆಕ್ಟ್ ಆಗಿ ಹೊರಬಂದದ್ದು ತೊಂಬತ್ತನೇ ಇಸವಿಯಲ್ಲಿ. ಆಗ ನಮ್ಮ ದೇಶದಲ್ಲಿ ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದರು, ಮನೆ ಕಟ್ಟಿಸುವವರು ಯಾರು? ಅವಳ ನಕ್ಷೆಯಲ್ಲಿ ಶುರುವಾದ ಮನೆ ಒಂದೇ ಒಂದು. ಒಬ್ಬ ದಂತವೈದ್ಯನದು. ತಳಪಾಯ ಮೇಲೆದ್ದ ಕೂಡಲೇ ಆತ ಕೆನಡಾಕ್ಕೆ ಹೊರಟುಹೋದ. ಆ ತಳಪಾಯದಲ್ಲಿ ಪಕ್ಕದ ಮನೆಯವರು ಈಗಲೂ ಕೋಳಿ ಸಾಕುತ್ತಾರೆ. "ನನ್ನ ಕಟ್ಟಡದಲ್ಲಿ ವಾಸ ಇರೋರು ಅವರೊಬ್ಬರೇ ಕಣೋ, ಇವತ್ತಿನವರೆಗೂ ಒಂದು ದೂರು ಬಂದಿಲ್ಲ," ಎಂದು ಅಕ್ಕ ನಗುತ್ತಿದ್ದಳು. ಆಮೇಲೆ ಹೊಟ್ಟೆಪಾಡಿಗೆ ಮೇಳದ ಕೆಲಸ ಹಿಡಿದಳು. ಮೂರು ದಿನದಲ್ಲಿ ಕಟ್ಟಿ, ಐದು ದಿನ ನಿಲ್ಲಿಸಿ, ಒಂದು ಸಂಜೆಯಲ್ಲಿ ಕೆಡವುವ ಕೆಲಸ. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರೀತ್ಸಾ ನದಿಯ ಸೇತುವೆ ದಾಟುವಾಗ ಕೆಲವೊಮ್ಮೆ ಆಚೆ ದಡದ ಮನೆಗಳನ್ನು ನೋಡುತ್ತಾ ನಿಂತುಬಿಡುತ್ತಿದ್ದಳು. ನಾನು ವ್ಯಾನಿನ ಹಾರನ್ನು ಒತ್ತುತ್ತಿದ್ದೆ.

ಕೋಣೆಯ ಹಿಂದಿನ ಕಥೆಯನ್ನು ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಅಕ್ಕ ಹೇಳಿದಳು. ಅವಳ ತಾಯಿ ಪೆನ್ಕಾ ಸರ್ಕಾರಿ ಬಟ್ಟೆ ಗಿರಣಿಯವಳು. ನೋಡಲು ಲಕ್ಷಣವಾಗಿದ್ದಳೆಂದು ಪ್ರತಿ ಸೆಪ್ಟೆಂಬರ್ ಮೇಳದಲ್ಲಿ ಗಿರಣಿಯ ಮಳಿಗೆಗೆ ನಿಲ್ಲಿಸುತ್ತಿದ್ದರು. ದಿನಕ್ಕೆ ಹತ್ತು ಗಂಟೆ, ಎತ್ತರದ ಹಿಮ್ಮಡಿಯ ಚಪ್ಪಲಿ, ವಿದೇಶದ ಅತಿಥಿಗಳ ಎದುರು ಕೂರುವಂತಿಲ್ಲ. ಇಸ್ಕ್ರಾಳಿಗೆ ಒಂಬತ್ತು ವರ್ಷ. ಒಂದು ದಿನ ಶಾಲೆ ಬಿಟ್ಟ ಮೇಲೆ ಅಮ್ಮನ ಹತ್ತಿರ ಬಂದಿದ್ದಳು. ಬಟ್ಟೆಯ ಪರದೆಯ ಹಿಂದೆ, ಬಾಟಲಿಯ ಕ್ರೇಟು ಮಗುಚಿ ಹಾಕಿಕೊಂಡು ಅಮ್ಮ ಬ್ರೆಡ್ಡು ತಿನ್ನುತ್ತಿದ್ದಳು. ಗಿರಣಿಯ ಅಧಿಕಾರಿ ಯಾವುದೋ ಬಟ್ಟೆಯ ಥಾನು ತೋರಿಸಲು ಬಂದವನು ನಾಲ್ಕು ಜನ ಅತಿಥಿಗಳ ಎದುರಿಗೇ ಪರದೆಯನ್ನು ಸರ್ರನೆ ಎಳೆದ. ಅಮ್ಮ ದಡಬಡಿಸಿ ಎದ್ದಳು. ಬಾಯಿ ತುಂಬ ಬ್ರೆಡ್ಡು. ನುಂಗಲಾರಳು, ಉಗುಳಲಾರಳು. ಹಾಗೇ ಮುಗುಳ್ನಕ್ಕಳು. ಅತಿಥಿಗಳಲ್ಲೊಬ್ಬ ನಕ್ಕನಂತೆ.

"ಆ ದಿನ ಅಮ್ಮನ ಮುಖ ನೋಡೋಕಾಗ್ಲಿಲ್ಲ ನಂಗೆ," ಎಂದಿದ್ದಳು ಅಕ್ಕ. "ಪರದೆಗೆ ಚಿಲಕ ಇರಲ್ವಲ್ಲ ಸ್ತಮಾತ್."

ಕಾರ್ಖಾನೆಯಲ್ಲಿ ನಾವು ಐದು ಜನ: ಅಕ್ಕ, ನಾನು, ವುಲ್ಕೊ, ಆಮೇಲೆ ತಮ್ಮಂದಿರು ಎಂದು ಕರೆಯುತ್ತಿದ್ದ ಇಬ್ಬರು ಕೆಲಸದ ಹುಡುಗರು. ನನಗಿಂತ ಹಳಬ ಬಡಗಿ ವುಲ್ಕೊ. ನಾನು ಹೇಳಹೊರಟ ವರ್ಷ ಅವನಿಗೆ ಅರವತ್ತೆರಡು. ಕನ್ನಡಕ ಯಾವಾಗಲೂ ಹಣೆಯ ಮೇಲೆ, ಮೂಗಿನ ಮೇಲೆ ಇಳಿದದ್ದು ಅಪರೂಪ. ಅಕ್ಕ ಎಲ್ಲ ಅಳತೆಯನ್ನೂ ಆ ಕೋಣೆಯ ಮೂಲೆಯಿಂದಲೇ ಬರೆಯುತ್ತಿದ್ದಳು. ಹೀಗಾಗಿ ಮೇಳದ ಹಜಾರದಲ್ಲಿ ನೆಲದ ಹಲಗೆ ಹಾಸಿದ ಕೂಡಲೇ ವುಲ್ಕೊ ಅಣ್ಣ ಮೊದಲು ಆ ಕೋಣೆ ಎಬ್ಬಿಸುತ್ತಿದ್ದ. ತಂದ ಊಟದ ಡಬ್ಬಿಯನ್ನು ಅದರೊಳಗಿಟ್ಟು ಆಮೇಲೆ ಉಳಿದ ಮಳಿಗೆಯನ್ನು ಅದರಿಂದ ಅಳೆದುಕೊಂಡು ಹೊರಡುತ್ತಿದ್ದ.

ಹೀಗಿರುವಾಗ ಒಂದು ಜನವರಿಯಲ್ಲಿ ದೊಡ್ಡ ಡೇರಿಯೊಂದರ ಕೆಲಸ ಬಂತು. ಮಾರ್ಚ್ ತಿಂಗಳ ಕೃಷಿ ಮೇಳದಲ್ಲಿ ನೂರಿಪ್ಪತ್ತು ಚದರ ಮೀಟರಿನ ಮಳಿಗೆ. ಇದು ಹಿಡಿಸಿದರೆ ಮುಂದಿನ ಮೂರು ವರ್ಷ ಸೋಫಿಯಾ, ವಾರ್ನಾ ಎಲ್ಲ ಕಡೆಯ ಕೆಲಸವೂ ನಮ್ಮದೇ ಎಂದಿದ್ದರು. ನಕ್ಷೆ ನೋಡಲು ಅವರ ಮಾರುಕಟ್ಟೆ ನಿರ್ದೇಶಕ ಕಾಲೊಯಾನ್ ಸ್ತ್ರೇಜೊವ್ ಬಂದ. ಮೂವತ್ತೈದರ ಆಸುಪಾಸು, ಕೈಯಲ್ಲಿ ಎರಡು ಫೋನು. ಕಾಫಿ ಕೊಟ್ಟರೆ ನಿಂತೇ ಕುಡಿದ.

"ಮೇಡಂ, ತುಂಬಾ ಚೆನ್ನಾಗಿದೆ. ಆದ್ರೆ ಈ ಮೂಲೇಲಿರೋದು ಏನು?"

"ಕೂರೋ ಕೋಣೆ."

"ಯಾರು ಕೂರೋಕೆ?"

"ದಣಿದೋರು."

"ನನ್ನ ಸ್ಟಾಲಲ್ಲಿ ಯಾರೂ ದಣಿಯಲ್ಲ ಮೇಡಂ." ಅವನು ನಗುತ್ತಲೇ ಹೇಳಿದ. "ದಣಿಯೋರನ್ನ ನಾನು ಕರ್ಕೊಂಡೇ ಬರಲ್ಲ. ಈ ಗೋಡೆ ಪೂರ್ತಿ ನಂಗೆ ದೊಡ್ಡ ವಿಡಿಯೋ ಪರದೆ ಬೇಕು. ಹಸು, ಬೆಟ್ಟ, ಹಾಲು ಸುರಿಯೋದು, ಎಲ್ಲಾ ಚಲಿಸ್ತಿರಬೇಕು. ಈ ಕೋಣೆ ತೆಗೀರಿ. ಉಳಿದದ್ದಕ್ಕೆ ನನ್ನ ತಕರಾರೇ ಇಲ್ಲ."

ಅಕ್ಕ ಮಾತು ತಿರುಗಿಸಿ ನೋಡಿದಳು. ದೀಪದ ವಿಷಯ ತೆಗೆದಳು, ಮೊಸರಿನ ಫ್ರಿಜ್ಜು ಎಲ್ಲಿರಬೇಕೆಂದು ಕೇಳಿದಳು. ಅವನು ಎಲ್ಲಕ್ಕೂ ಉತ್ತರ ಹೇಳಿ ಮತ್ತೆ ಅದೇ ಮೂಲೆಗೆ ಬೆರಳಿಟ್ಟ. "ಇದು ಇದ್ರೆ ಬೇಡ. ಶುಕ್ರವಾರದೊಳಗೆ ಹೇಳಿ," ಎಂದು ಹೊರಟುಹೋದ.

ಅವನ ಕಾರು ಗೇಟು ದಾಟುವವರೆಗೂ ನಾನು ಬಾಯಿ ಬಿಗಿಹಿಡಿದಿದ್ದೆ. ಆಮೇಲೆ ಹೇಳಿಯೇಬಿಟ್ಟೆ.

"ಅಕ್ಕಾ, ಒಪ್ಕೊಂಡ್ಬಿಡು."

"ನೀನೂನಾ?"

"ನಾನೂನೇ. ಮೂರು ವರ್ಷದ ಕೆಲಸ ಮನೆ ಬಾಗಿಲಿಗೆ ಬಂದಿದೆ. ವುಲ್ಕೊ ಅಣ್ಣನ ಪಿಂಚಣಿಗೆ ಇನ್ನೂ ಎರಡು ವರ್ಷ ಇದೆ. ಆ ಇಬ್ಬರು ತಮ್ಮಂದಿರು ಜರ್ಮನಿಗೆ ಹೋಗ್ತೀವಿ ಅಂತ ಒಂದು ಕಾಲು ಹೊರಗಿಟ್ಕೊಂಡು ಕೂತಿದಾರೆ. ನನ್ನ ಮಗಳು ಈ ವರ್ಷ ಕಾಲೇಜಿಗೆ ಸೇರ್ತಾಳೆ. ಒಂದು ಬಾಗಿಲಿಗೋಸ್ಕರ ಐದು ಮನೆ ಬಾಗಿಲು ಮುಚ್ಚಿಸ್ತೀಯಾ ನೀನು?"

ಈ ಮಾತನ್ನು ನಾನು ಅವನು ಮಾತಾಡುತ್ತಿರುವಾಗಲೇ ಯೋಚಿಸಿಟ್ಟುಕೊಂಡಿದ್ದೆ. ಸರಿಯಾಗಿ ತಾಗಿತು. ಅಕ್ಕ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ರಬ್ಬರ್ ಕೊಡು," ಎಂದಳು.

ಕಂಪ್ಯೂಟರಿಗೆ ಹೋಗುವ ಮೊದಲು ಅವಳು ಎಲ್ಲವನ್ನೂ ಕಾಗದದ ಮೇಲೆ ಬರೆಯುವವಳು. ಕೋಣೆಯ ನಾಲ್ಕು ಗೆರೆ, ಬಾಗಿಲು, ಚಿಲಕ, ಒಂದೊಂದಾಗಿ ಉಜ್ಜಿದಳು. ರಬ್ಬರಿನ ಪುಡಿಯನ್ನು ಅಂಗೈಯಿಂದ ಗುಡಿಸಿ ಕಸದ ಬುಟ್ಟಿಗೆ ಹಾಕಿದಳು. ನಾನು ಗೆದ್ದೆ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ ಬಂತು. ಮಳಿಗೆ ಕಟ್ಟುವ ದಿನಗಳಲ್ಲಿ ನಾನು ಪರದೆ ತರಲು ಸೋಫಿಯಾಕ್ಕೆ ಹೋಗಿದ್ದೆ. ಅಕ್ಕ ಇನ್ನೊಂದು ಹಜಾರದಲ್ಲಿ ಜೇನಿನವರ ಸಣ್ಣ ಮಳಿಗೆಯ ನೆಲ ಸರಿಮಾಡಿಸುತ್ತಿದ್ದಳು. ಡೇರಿಯ ಮಳಿಗೆ ವುಲ್ಕೊ ಅಣ್ಣನ ಕೈಯಲ್ಲಿತ್ತು. ಬುಧವಾರ ಹತ್ತು ಗಂಟೆಗೆ ಮೇಳ ತೆರೆಯಬೇಕು. ನಾನು ಬೆಳಗ್ಗೆ ಏಳೂವರೆಗೆ ವ್ಯಾನಿನಿಂದ ಪರದೆಯ ಪೆಟ್ಟಿಗೆ ಇಳಿಸಿ ಒಳಗೆ ಬಂದು ನೋಡಿದವನೇ ವುಲ್ಕೊ ಅಣ್ಣನ ಹತ್ತಿರ ಓಡಿದೆ.

"ಅಣ್ಣಾ, ಇದೇನು?"

"ಯಾವುದು?"

"ಇದು! ಈ ಮೂಲೇಲಿ!"

"ಕೋಣೆ," ಎಂದ ವುಲ್ಕೊ ಅಣ್ಣ, ನನಗೇನೋ ತಲೆ ಕೆಟ್ಟಿದೆ ಎನ್ನುವ ಹಾಗೆ. "ನಮ್ಮ ಕೋಣೆ."

"ನಕ್ಷೇಲಿ ಇದೆಯಾ ಅದು?"

ಅವನು ಜೇಬಿನಿಂದ ನಕ್ಷೆ ತೆಗೆದ. ಕನ್ನಡಕವನ್ನು ಹಣೆಯಿಂದ ಇಳಿಸಿದ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದ.

"ಇಲ್ವಲ್ಲೋ," ಎಂದ.

"ಇಲ್ಲ! ತೆಗೆದು ಎರಡು ತಿಂಗಳಾಯ್ತು!"

"ಅಳತೆ ಎಲ್ಲಾ ಇಲ್ಲಿಂದಾನೇ ಇದೆ ನೋಡು. ಈ ಮೂಲೆಯಿಂದಾನೇ. ಕೋಣೆ ಇಲ್ದೆ ನಾನು ಎಲ್ಲಿಂದ ಶುರು ಮಾಡ್ಲಿ?" ಅವನ ದನಿ ಸಣ್ಣದಾಯಿತು. "ಇಷ್ಟು ವರ್ಷ ಇತ್ತಪ್ಪಾ ಅದು."

ಅಕ್ಕ ಗೆರೆಗಳನ್ನು ಉಜ್ಜಿದ್ದಳು, ಅಳತೆಗಳನ್ನು ಹಾಗೇ ಬಿಟ್ಟಿದ್ದಳು. ವುಲ್ಕೊ ಅಣ್ಣ ಅಂಕಿಗಳನ್ನಷ್ಟೇ ನೋಡಿದ್ದ, ಉಳಿದದ್ದನ್ನು ಕೈ ತಾನೇ ಮಾಡಿತ್ತು. ಬೆಂಚು, ದಿಂಬು, ನಾಲ್ಕು ಕೊಕ್ಕೆ, ಕನ್ನಡಿ. ಬಣ್ಣವೂ ಒಣಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲಿ ಅಕ್ಕ ಬಂದಳು. ಕೋಣೆಯನ್ನು ನೋಡಿದಳು. ತುಟಿಯ ಒಂದು ಕೊನೆ ನಗುವಿಗೆ ಏಳಲು ಹೋಗಿ ಅಲ್ಲೇ ನಿಂತಿತು.

"ಬೈಬೇಡ ಅವರನ್ನ. ತಪ್ಪು ನಂದು," ಎಂದಳು. "ಕಾಲೊಯಾನ್ ಎಂಟೂವರೆಗೆ ಬರ್ತೀನಿ ಅಂದಿದಾರೆ. ಒಂದು ಗಂಟೆಯಲ್ಲಿ ಬಿಚ್ಚಬಹುದಾ?"

"ಬಿಚ್ಚಬಹುದು. ಪರದೆ ಹಾಕೋಕೆ ಇನ್ನೊಂದು ಗಂಟೆ. ಈಗ್ಲೇ ಶುರು ಮಾಡಿದ್ರೆ ಹತ್ತಕ್ಕೆ ಸರಿಯಾಗತ್ತೆ."

"ಮಾತು ಕೊಟ್ಟಿದೀನಿ. ತೆಗೆಯೋಣ."

ಅವಳು ಹೋಗಿ ಬಾಗಿಲು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಒಳಗಿನಿಂದ ಚಿಲಕ ಹಾಕಿತ್ತು.

"ಒಂದ್ನಿಮಿಷ! ಯಾರದು?" ಒಳಗಿನಿಂದ ಗಾಬರಿಯ ಹೆಣ್ಣುದನಿ.

"ನಾವಮ್ಮಾ, ಮಳಿಗೆ ಕಟ್ಟೋರು. ನೀನ್ಯಾರು?"

"ಮಾಗ್ದಾ. ಸ್ಟಾಲಿನ ಹುಡುಗಿ, ಮೊಸರಿನ ರುಚಿ ತೋರಿಸೋಕೆ ಬಂದಿದೀನಿ." ಸ್ವಲ್ಪ ತಡೆದು, ಬಾಗಿಲಿನ ಹತ್ತಿರ ಬಂದಂತೆ ಮೆಲ್ಲಗೆ, "ಹಾಲು ತೆಗೀತಿದೀನಿ ಅಕ್ಕಾ. ಐದು ತಿಂಗಳ ಮಗು, ಅತ್ತೆ ಹತ್ರ ಬಿಟ್ಟು ಬಂದೆ. ಅಸೆನೊವ್‌ಗ್ರಾದಿಂದ ಮೊದಲನೇ ಬಸ್ಸು. ಎದೆ ಕಲ್ಲಾಗಿಬಿಟ್ಟಿದೆ. ಬಾಗಿಲಿರೋ ಜಾಗ ಇದೊಂದೇ ಸಿಕ್ಕಿದ್ದು. ಬೇಗ ಮುಗಿಸ್ತೀನಿ."

ಅಕ್ಕ ಬಾಗಿಲಿನಿಂದ ಕೈ ತೆಗೆದಳು. ಹಾಲು ತೆಗೆಯುವ ಯಂತ್ರದ ಸಣ್ಣ ಸದ್ದು ಕಿರ್ರೋ ಕಿರ್ರೋ ಎಂದು ಮತ್ತೆ ಶುರುವಾಯಿತು. ವುಲ್ಕೊ ಅಣ್ಣನಿಗೆ ನಾಲ್ಕು ಮಕ್ಕಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಧಾನವಾಗಿ ಮುಗಿಸಮ್ಮಾ," ಎಂದಳು ಅಕ್ಕ.

ಎಂಟೂವರೆಗೆ ಬರಬೇಕಾದ ಕಾಲೊಯಾನ್ ಎಂಟಕ್ಕೇ ಬಂದ. ಮುಖ ಬಿಳಿಚಿಕೊಂಡಿತ್ತು, ಎರಡು ದಿನದಿಂದ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಮಣಿಕಟ್ಟಿನಲ್ಲಿ ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಎಲ್ಲರೂ ಶುಭಕ್ಕೆಂದು ಕಟ್ಟಿಕೊಳ್ಳುವ ಕೆಂಪುಬಿಳಿ ದಾರ. ಅವನು ಮಳಿಗೆಯನ್ನು ನೋಡಿದ, ಪೆಟ್ಟಿಗೆಯಲ್ಲೇ ಇದ್ದ ಪರದೆಯನ್ನು ನೋಡಿದ, ಆಮೇಲೆ ಕೋಣೆಯನ್ನು.

"ಮೇಡಂ, ಇದು ಏನು?"

"ತಪ್ಪಾಯ್ತು. ನಮ್ಮಿಂದಾನೇ ಆದ ತಪ್ಪು."

"ತಪ್ಪಾ? ಗೋಡೆ ಕಟ್ಟಿ ಬಣ್ಣ ಹಚ್ಚಿ ಕನ್ನಡಿ ಹಾಕೋಷ್ಟು ತಪ್ಪಾ? ಹತ್ತೂವರೆಗೆ ನಮ್ಮ ಯಜಮಾನ್ರು ಮಂತ್ರಿಗಳನ್ನ ಕರ್ಕೊಂಡು ಬರ್ತಿದಾರೆ! ತೆಗೀರಿ. ಈಗ್ಲೇ."

"ಒಳಗೆ ಜನ ಇದಾರೆ."

"ಯಾರು?"

"ನಿಮ್ಮ ಹುಡುಗಿ. ಮಗುಗೆ ಹಾಲು ತೆಗೀತಿದಾಳೆ."

ಅವನ ಕಿವಿ ಕೆಂಪಾಯಿತು. ಕೆಟ್ಟವನಲ್ಲ ಅವನು, ಅದನ್ನು ನಾನು ಆಗಲೂ ಕಂಡೆ. ಆದರೆ ಗಡಿಯಾರ ಅವನ ಬೆನ್ನ ಮೇಲೆ ಕೂತಿತ್ತು.

"ಶೌಚಾಲಯ ಇದೆಯಲ್ಲ! ಇದಕ್ಕೆಲ್ಲಾ ಇದೇ ಹೊತ್ತಾ, ಇದೇ ಜಾಗಾನಾ?"

"ನೀವು ಡೇರಿಯೋರು ಸಾರ್," ಎಂದ ವುಲ್ಕೊ ಅಣ್ಣ, ಟೋಪಿ ಕೈಯಲ್ಲೇ ಹಿಡಿದು. "ಹಾಲನ್ನ ಎಂಥ ಜಾಗದಲ್ಲಿ ತೆಗೀಬಾರದು ಅಂತ ನಿಮಗೆ ನಾನು ಹೇಳ್ಬೇಕಾ?"

ಕಾಲೊಯಾನ್ ಅವನ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದ. ನನ್ನ ಕೈಯಲ್ಲಿ ಡ್ರಿಲ್ಲು ಇತ್ತು.

"ಸ್ತಮಾತ್ ಅವರೇ, ಈ ಗೋಡೆ ಹೊರಗಿನಿಂದ ಬಿಚ್ಚೋಕಾಗತ್ತಾ?"

ಆಗುತ್ತದೆ. ನಾವು ಕಟ್ಟುವ ಗೋಡೆಗಳೆಲ್ಲ ಹೊರಗಿನಿಂದಲೇ ಬಿಚ್ಚುವಂಥವು. ಎಂಟು ಸ್ಕ್ರೂ. ಒಳಗಿನ ಚಿಲಕ ಅದರ ಪಾಡಿಗೆ ಅದು ಹಾಕಿಕೊಂಡೇ ಇರುತ್ತದೆ, ಗೋಡೆ ಮಾತ್ರ ಕೈಗೆ ಬರುತ್ತದೆ. ಎರಡು ನಿಮಿಷವೂ ಬೇಡ.

"ಆಗತ್ತೆ," ಎಂದೆ. ಸುಳ್ಳು ಹೇಳಲು ಆ ಗಳಿಗೆಯಲ್ಲಿ ತೋಚಲಿಲ್ಲ.

"ಹಾಗಾದ್ರೆ ಬಿಚ್ಚಿ. ಅವಳಿಗೆ ಮೈ ಮುಚ್ಕೊಳೋಕೆ ಹೇಳಿ, ಬಿಚ್ಚಿ. ಮೂರು ವರ್ಷದ ಕೆಲಸ ಬೇಕು ಅಂದಿದ್ದು ನೀವೇ ಅಲ್ವಾ?"

ನಾನೇ ಅಂದಿದ್ದೆ. ಅವನಿಗೆ ಫೋನಿನಲ್ಲಿ ನಾನೇ ಎರಡು ಸಲ ಅಂದಿದ್ದೆ. ಯಂತ್ರದ ಸದ್ದು ಒಳಗೆ ನಿಂತುಹೋಗಿತ್ತು. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಅಕ್ಕನ ಕಡೆ ನೋಡಿದೆ. ಬೇಡ ಎನ್ನಲಿ ಎಂದು ಕಾದೆ. ಜನವರಿಯಲ್ಲಿ ಐದು ಮನೆಯ ಬಾಗಿಲಿನ ಮಾತು ಎತ್ತಿದವನು ನಾನು, ಈಗ ನನ್ನ ಕೈಯಲ್ಲಿ ಡ್ರಿಲ್ಲು, ನಿನ್ನಿಷ್ಟ ಎನ್ನುವ ಹಾಗೆ ಅವಳು ನೋಡುತ್ತಾ ನಿಂತಿದ್ದಳು. ನನಗೆ ಅವಳ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ನನ್ನ ಮೇಲೂ ಬಂದಿರಲಿಲ್ಲ.

ಡ್ರಿಲ್ಲಿನ ಬ್ಯಾಟರಿ ಕಳಚಿ ಜೇಬಿಗೆ ಹಾಕಿಕೊಂಡೆ.

"ಚಾರ್ಜು ಇಲ್ಲ ಸಾರ್," ಎಂದೆ.

ಆಗ ಅಕ್ಕ ಬಾಯಿಬಿಟ್ಟಳು. ದನಿ ಏರಿಸಲಿಲ್ಲ.

"ಕಾಲೊಯಾನ್ ಅವರೇ, ಈ ಕೋಣೆ ನಾನು ತೆಗೆಯಲ್ಲ. ಕಟ್ಟಿದ್ದು ತಪ್ಪಲ್ಲ, ಜನವರಿಯಲ್ಲಿ ನಿಮಗೆ ಹೂಂ ಅಂದಿದ್ದು ತಪ್ಪು. ಪರದೇನ ಎಡಗಡೆ ಗೋಡೆಗೆ ಹಾಕ್ಕೊಡ್ತೀನಿ, ಹತ್ತಕ್ಕೆ ಮುಂಚೆ ಹಸು ಬೆಟ್ಟ ಎಲ್ಲಾ ಓಡಾಡ್ತಿರತ್ತೆ. ಕೋಣೆ ಇರತ್ತೆ."

"ಇದು ಒಪ್ಪಂದದಲ್ಲಿ ಇಲ್ಲ."

"ಇಲ್ಲ."

"ನಾನು ಸಹಿ ಹಾಕಲ್ಲ." ಮಳಿಗೆ ಕಟ್ಟಿ ಮುಗಿದ ಮೇಲೆ ಗಿರಾಕಿ ಒಂದು ಕಾಗದಕ್ಕೆ ಸಹಿ ಹಾಕಿ ಒಪ್ಪಿಸಿಕೊಳ್ಳುತ್ತಾನೆ. ಅಲ್ಲಿಯವರೆಗೂ ಅದು ಕಟ್ಟಿದವರದ್ದೇ. "ಸಹಿ ಇಲ್ದೆ ಈ ಸ್ಟಾಲು ನಮ್ಮದಲ್ಲ, ಗೊತ್ತಲ್ಲ? ಮುಂದಿನ ಮೂರು ವರ್ಷದ್ದೂ ಮರ್ತುಬಿಡಿ."

"ಹಾಗಾದ್ರೆ ನಂದಾಗೇ ಇರ್ಲಿ," ಎಂದಳು ಅಕ್ಕ. "ನಿಮ್ಮ ಮೊಸರು ಐದು ದಿನ ನನ್ನ ಮನೇಲಿ ನೆಂಟರಾಗಿರ್ಲಿ."

ಅವನು ಏನೋ ಹೇಳಲು ಹೋದ. ಒಂದು ಫೋನು ಹೊಡೆದುಕೊಂಡಿತು, ಹಿಂದೆಯೇ ಇನ್ನೊಂದು. ಕಾಗದವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮಾತಾಡುತ್ತಾ ಹಜಾರದ ಆಚೆ ಕಡೆಗೆ ಹೋಗಿಬಿಟ್ಟ. ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಮಾಗ್ದಾ ಹೊರಗೆ ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಗುಂಡಿ ಎಲ್ಲ ಸರಿಯಾಗಿ ಹಾಕಿಕೊಂಡಿದ್ದಳು, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಬಟ್ಟೆ ಸುತ್ತಿದ ಸಣ್ಣ ಬಾಟಲಿ.

"ನನ್ನಿಂದ ನಿಮಗೆಲ್ಲಾ ತೊಂದ್ರೆ ಆಯ್ತು," ಎಂದಳು.

"ನಿನ್ನಿಂದಲ್ಲ," ಎಂದೆ ನಾನು. ಅಷ್ಟು ಒರಟಾಗಿ ಹೇಳಬಾರದಿತ್ತು, ಹುಡುಗಿ ಬೆದರಿಬಿಟ್ಟಳು. ವುಲ್ಕೊ ಅಣ್ಣ ಅವಳ ಬಾಟಲಿ ತೆಗೆದುಕೊಂಡು ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಗಳ ಹಿಂದೆ ಜೋಪಾನವಾಗಿಟ್ಟ.

ನಾವು ಪರದೆಯನ್ನು ಎಡಗಡೆ ಗೋಡೆಗೆ ಏರಿಸಿದೆವು. ಹತ್ತಕ್ಕೆ ಮೇಳ ತೆರೆಯಿತು, ಮಂತ್ರಿಗಳು ಬಂದರು, ಮಜ್ಜಿಗೆ ಕುಡಿದರು, ಹೋದರು. ಮೂಲೆಯ ಬಾಗಿಲನ್ನು ಯಾರೂ ತಿರುಗಿ ನೋಡಲಿಲ್ಲ. ಕಾಲೊಯಾನ್ ಐದೂ ದಿನ ಅಲ್ಲೇ ಇದ್ದ, ನಮ್ಮ ಜೊತೆ ಒಂದು ಮಾತಾಡಲಿಲ್ಲ. ಸಹಿ ಹಾಕಲಿಲ್ಲ. ಹೇಳಿದ ಹಾಗೆಯೇ ಮಾಡಿದ ಎಂದು ಈಗಲೇ ಹೇಳಿಬಿಡುತ್ತೇನೆ: ಮುಂದಿನ ಮೂರು ವರ್ಷದ ಕೆಲಸ ಸೋಫಿಯಾದ ಇನ್ನೊಬ್ಬರಿಗೆ ಹೋಯಿತು. ಬೇಸಿಗೆಯ ಹೊತ್ತಿಗೆ ಆ ಇಬ್ಬರು ತಮ್ಮಂದಿರು ಸ್ಟುಟ್‌ಗಾರ್ಟಿನಲ್ಲಿ ಜರ್ಮನ್ನರ ಮಳಿಗೆ ಕಟ್ಟುತ್ತಿದ್ದರು. ವುಲ್ಕೊ ಅಣ್ಣ ಎರಡು ವರ್ಷ ಮೊದಲೇ ಮನೆಯಲ್ಲಿ ಕೂರಬೇಕಾಯಿತು. ಈಗ ಟೊಮೇಟೊ ಬೆಳೆಯುತ್ತಾನೆ, ಸಿಕ್ಕಾಗಲೆಲ್ಲ ಒಂದು ಚೀಲ ಕೊಡುತ್ತಾನೆ, ನಾನು ತಲೆ ತಗ್ಗಿಸಿ ತೆಗೆದುಕೊಳ್ಳುತ್ತೇನೆ. ನಾನು ಹೆದರಿದ್ದೆಲ್ಲ ಹೆದರಿದ ಹಾಗೆಯೇ ಆಯಿತು. ಅಕ್ಕ ಮಾಡಿದ್ದು ಸರಿ ಎಂದು ನನಗೆ ಎಲ್ಲ ದಿನವೂ ಅನ್ನಿಸುವುದಿಲ್ಲ.

ಆದರೆ ಆ ಭಾನುವಾರದ ಸಂಜೆಯ ಮಾತು ಹೇಳಬೇಕು. ಆರು ಗಂಟೆಗೆ ಮೇಳ ಮುಚ್ಚಿತು. ಆರೂ ಐದಕ್ಕೆ ಹಜಾರದ ತುಂಬ ಸುತ್ತಿಗೆ ಸದ್ದು. ಆ ಹೊತ್ತಿನಲ್ಲಿ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ, ಎಲ್ಲರೂ ಮೊದಲು ಲಾರಿ ತುಂಬಿಸಲು ಓಡುತ್ತಿರುತ್ತಾರೆ. ನಾವು ಪರದೆ ಇಳಿಸಿದೆವು, ಜಮಖಾನೆ ಸುತ್ತಿದೆವು. ಕೋಣೆಯನ್ನು ತಾನೇ ಬಿಚ್ಚುತ್ತೇನೆ ಎಂದು ಅಕ್ಕ ಡ್ರಿಲ್ಲು ತೆಗೆದುಕೊಂಡು ಒಳಗೆ ಹೋದಳು. ಹತ್ತು ನಿಮಿಷವಾದರೂ ಡ್ರಿಲ್ಲಿನ ಸದ್ದು ಬರಲಿಲ್ಲ.

ಇಣುಕಿ ನೋಡಿದೆ. ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಬಿಳಿ ಗೋಡೆಯ ಮೇಲೆ, ನೆಲದಿಂದ ಎದೆಯೆತ್ತರದವರೆಗೆ, ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳು.

ಮೇಲುಗಡೆ ಮಾಗ್ದಾಳ ಗುಂಡಗಿನ ಅಕ್ಷರ: ಎಂಟು, ಹನ್ನೊಂದೂವರೆ, ಮೂರು, ಐದೂವರೆ, ಈ ಹೊತ್ತಿನಲ್ಲಿ ನನಗೆ ಬಿಟ್ಟುಕೊಡಿ. ಅದರ ಕೆಳಗೆ ಬೇರೆ ಬೇರೆ ಕೈಬರಹ. ಬೀಜದ ಕಂಪನಿಯ ಹುಡುಗಿ, ಹನ್ನೆರಡಕ್ಕೆ, ಕಾಲು ಊದಿದೆ. ಕೋಳಿ ಮೇವಿನ ಸ್ಟಾಲಿನವರು ಮೂವರು, ಒಬ್ಬೊಬ್ಬರಿಗೆ ಕಾಲು ಗಂಟೆ, ಊಟ. ಜೇನಿನವರ ಅಜ್ಜ, ಇನ್ಸುಲಿನ್ ಚುಚ್ಚಿಕೊಳ್ಳಲು. ಹಾಲು ಕರೆಯುವ ಯಂತ್ರದವರ ಸ್ಟಾಲಿನ ಹೆಂಗಸೊಬ್ಬಳು ದಿನ ಬಿಟ್ಟು ದಿನ, ಕಾರಣ ಬರೆದಿಲ್ಲ. ಇಡೀ ಮೇಳದಲ್ಲಿ ಸುದ್ದಿ ಹರಡಿತ್ತು, ಕಟ್ಟಿದ ನಮಗೆ ಗೊತ್ತಿರಲಿಲ್ಲ. ನಾನು ಎಣಿಸಿದೆ. ನಲವತ್ತೊಂದು ಹೆಸರು.

"ಕೆಳಗೆ ನೋಡು," ಎಂದಳು ಅಕ್ಕ.

ಬಗ್ಗಿ ನೋಡಿದೆ. ಬೆಂಚಿನಲ್ಲಿ ಕೂತವರ ಕೈಗೆ ಎಟುಕುವ ಕಡೆ, ಕಚೇರಿಯ ಕಾಗದಗಳಲ್ಲಿ ಬರೆಯುವ ಹಾಗೆಯೇ ನೆಟ್ಟಗೆ, ಪೂರ್ತಿ ಹೆಸರು: ಕಾಲೊಯಾನ್ ಸ್ತ್ರೇಜೊವ್, ಮಾರುಕಟ್ಟೆ ನಿರ್ದೇಶಕ. ಶನಿವಾರ, ಮೂರೂ ನಲವತ್ತರಿಂದ ಮೂರೂ ಐವತ್ತು. ಕೆಳಗೆ ಸಹಿ.

ನನಗೆ ನಗು ಉಕ್ಕಿ ಬಂತು. ತಡೆಯಲಾಗಲಿಲ್ಲ. "ನೋಡಿದ್ಯಾ ಅಕ್ಕಾ, ಕಳ್ಳ! ನಮ್ಮ ಕಾಗದಕ್ಕೆ ಹಾಕಲ್ಲ ಅಂದೋನು ಇಲ್ಲಿ ಬಂದು ಸಹಿ ಹಾಕಿದಾನೆ!"

ಅಕ್ಕ ನಗಲಿಲ್ಲ. ಆ ಸಾಲನ್ನೇ ನೋಡುತ್ತಿದ್ದಳು.

"ಹತ್ತೇ ನಿಮಿಷ," ಎಂದಳು. "ಅವರಿಗೆ ಸಾಲದೇ ಬಂದಿರತ್ತೆ ಕಣೋ, ಪಾಪ."